ಕಂಬದ ಬಲಕ್ಕೆ ಗುಂಡಿ

ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ.

ವಾರಿಜ ತನ್ನ ಜಾಲತಾಣದ ಮೊದಲ ಪುಟದಲ್ಲಿ ಬರೆದುಕೊಂಡಿದ್ದ ಧ್ಯೇಯವಾಕ್ಯ ಇಷ್ಟೇ. ಇಂಪು ಸಂಸ್ಥೆಯಿಂದ ಬಂದಿದ್ದ ನಿಹಾರಿಕಾ ಅದನ್ನು ಫೋನಿನಲ್ಲಿ ಇನ್ನೊಮ್ಮೆ ಓದಿ, ಮುಗುಳ್ನಕ್ಕು, ಕಾಫಿ ಲೋಟ ಕೆಳಗಿಟ್ಟಳು.

"ಚೆನ್ನಾಗಿದೆ ಮೇಡಂ. ಆದ್ರೆ ನಾವು ಕೇಳ್ತಿರೋದು ಪುಟಕ್ಕೊಂದೇ ಪ್ರಾಯೋಜಕರ ವಾಕ್ಯ. ಅದನ್ನೂ ನಾವೇ ಬರ್ದು ಕೊಡ್ತೀವಿ, ನೀವು ಮೇಲೆ ಅಂಟಿಸ್ಕೊಂಡ್ರೆ ಸಾಕು. ದುಡ್ಡು ತಿಂಗಳು ತಿಂಗಳು ತಾನಾಗೇ ಖಾತೆಗೆ ಬಂದು ಬೀಳತ್ತೆ."

"ದುಡ್ಡು ಬೀಳೋದಿರ್ಲಿ, ಜನ ಬೀಳಬಾರ್ದು ಅನ್ನೋದೇ ನನ್ನ ಚಿಂತೆ ಕಣಮ್ಮ" ಎಂದಳು ವಾರಿಜ.

ಆ ಕಾಲಕ್ಕೆ ಬೀದಿಯಲ್ಲಿ ಕ್ಯಾಮೆರಾ ತೊಟ್ಟು ತಿರುಗುವುದನ್ನು ಕಾನೂನು ನಿಲ್ಲಿಸಿ ಹಲವು ವರ್ಷಗಳಾಗಿದ್ದವು. ಕಂಡಕಂಡವರ ಮುಖ ಹಿಡಿದು ಮಾರಿಕೊಳ್ಳುವ ದಂಧೆ ಅತಿಯಾದ ಮೇಲೆ ಬಂದ ಕಾನೂನು ಅದು; ಒಳ್ಳೆಯದೇ. ಆದರೆ ಕಣ್ಣು ಕಾಣದವರಿಗೆ ದಾರಿ ತೋರಿಸುತ್ತಿದ್ದ ಕನ್ನಡಕಗಳೂ ಅದರ ಜೊತೆಗೇ ಮೂಲೆ ಸೇರಿದವು. ಅವುಗಳ ಜಾಗಕ್ಕೆ ಬಂದದ್ದು ಇಂಪು ಸಂಸ್ಥೆಯ ಕಿವಿಗಣ್ಣು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ, ಹುಣಸೆ ಬೀಜದಷ್ಟು ದೊಡ್ಡ ಸಾಧನ. ಅದಕ್ಕೆ ಏನೂ ಕಾಣದು. ತೊಟ್ಟವರು ಎಲ್ಲಿ ನಿಂತಿದ್ದಾರೆ ಎಂಬುದು ಮಾತ್ರ ಗೇಣಿನಷ್ಟು ನಿಖರವಾಗಿ ಗೊತ್ತು. ಆ ಜಾಗದ ಬಗ್ಗೆ ಯಾರಾದರೂ ಪುಣ್ಯಾತ್ಮರು ಜಾಲತಾಣದಲ್ಲಿ ಬರೆದಿಟ್ಟಿದ್ದರೆ ಅದನ್ನು ಕಿವಿಯಲ್ಲಿ ಓದಿ ಹೇಳುತ್ತದೆ. ಯಾರೂ ಬರೆಯದ ಬೀದಿಯಲ್ಲಿ ಅದು ಬಾಯಿ ಬಿಡುವುದಿಲ್ಲ.

ಮೊದಮೊದಲು ಊರೂರಲ್ಲೂ ಜನ ಉತ್ಸಾಹದಿಂದ ಬರೆದರು. ಆಮೇಲೆ ಪ್ರಾಯೋಜಕರು ಬಂದರು. ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಎನ್ನುವುದಕ್ಕಿಂತ ಮೆಟ್ಟಿಲ ಪಕ್ಕದ ಚಿನ್ನದಂಗಡಿಯಲ್ಲಿ ಎಷ್ಟು ರಿಯಾಯಿತಿ ಎನ್ನುವುದು ಮುಖ್ಯವಾಯಿತು. ಬರೆಯುವವರನ್ನು ಬೈದು ಫಲವಿಲ್ಲ. ಅನ್ನ ಹಾಕಿದವರ ಹಾಡು ಹಾಡಲೇಬೇಕಲ್ಲ. ಮೈಸೂರಿನಲ್ಲಿ ಒಂದು ಪೈಸೆ ಮುಟ್ಟದೆ ಬರೆಯುತ್ತಿದ್ದವಳೆಂದರೆ, ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತಳಾದ ಈ ವಾರಿಜ ಒಬ್ಬಳೇ. ಅವಳ ತಾಣದ ಹೆಸರು 'ಹೆಜ್ಜೆಮಾತು'. ಗಂಡ ವಿರೂಪಾಕ್ಷನ ದೃಷ್ಟಿ ನರದ ಕಾಯಿಲೆಯಿಂದ ಪೂರ್ತಿ ಹೋದ ಮೇಲೆ ಅವನಿಗಾಗಿಯೇ ಶುರು ಮಾಡಿದ್ದು. ಈಗ ಊರಿನ ದೃಷ್ಟಿ ಇಲ್ಲದವರೆಲ್ಲ ಅದನ್ನು ಕೇಳಿಕೊಂಡೇ ನಡೆಯುತ್ತಿದ್ದರು.

ವಿರೂಪಾಕ್ಷ ಗದಗಿನ ಕಡೆಯವನು. ಕಾಫಿ ಪುಡಿ ಅಂಗಡಿಯೊಂದರಲ್ಲಿ ಬೀಜ ಹುರಿಯುವುದರ ಉಸ್ತುವಾರಿ ಅವನದು. ವಾಸನೆಯ ಮೇಲೇ ಹದ ಹೇಳುತ್ತಿದ್ದ. ಮೈಸೂರಿನಲ್ಲಿ ಅರ್ಧ ಆಯುಷ್ಯ ಕಳೆದರೂ ಮಾತು ಮಾತ್ರ ಗದಗಿನದೇ.

"ತಂಗಿ, ನನ್ನ ಹೆಸರ ವಿರೂಪಾಕ್ಷ" ಎಂದ ಅವನು ನಿಹಾರಿಕಾಳ ಕಡೆ ಮುಖ ಮಾಡಿ. "ಹೆಸರಿಟ್ಟ ನಮ್ಮಜ್ಜಗ ಕಣ್ಣಿನ ಸುದ್ದಿ ಮೊದ್ಲ ಗೊತ್ತಿತ್ತು ಕಾಣ್ತೈತಿ. ನಾ ರಸ್ತೆ ದಾಟೂ ಮುಂದ ನೀವು ಕಿವ್ಯಾಗ ಸೀರಿ ಮಾರಾಕ ನಿಂತ್ರ ಬಸ್ಸಿನ ಸಪ್ಪಳ ನನಗ ಹ್ಯಾಂಗ ಕೇಳಬೇಕು, ನೀವ ಹೇಳ್ರಿ."

ನಿಹಾರಿಕಾ ಕೆಟ್ಟವಳಲ್ಲ. ಕೆಲಸಕ್ಕೆ ಸೇರಿದ ಹೊಸತು, ಗುರಿ ಮುಟ್ಟಿಸಬೇಕಾದ ಅವಸರ. "ಹಾಗಿದ್ರೆ ಒಂದ್ಸಲ ನಮ್ಮ ಧ್ವನಿಮನೆಗೆ ಬನ್ನಿ ಮೇಡಂ. ನೋಡಿದ್ಮೇಲೆ ತೀರ್ಮಾನ ಮಾಡಿ" ಎಂದು ಎದ್ದಳು.

ಧ್ವನಿಮನೆ ಎಂದರೆ ಇಂಪು ಸಂಸ್ಥೆಯ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಮೈಸೂರಿನ ನಕಾಶೆ. ಅದರ ಮೇಲೆ ಹಸಿರು ಚುಕ್ಕೆಗಳು ಮೆಲ್ಲಗೆ ಹರಿದಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಕಿವಿಗಣ್ಣು ತೊಟ್ಟ ಒಬ್ಬ ಮನುಷ್ಯ. ಕಾಫಿ ಪುಡಿ ಅಂಗಡಿಯ ಮೇಲೆ ಅಲುಗಾಡದೆ ನಿಂತಿದ್ದ ಚುಕ್ಕೆ ತನ್ನ ಗಂಡ ಎಂದು ಹೊಳೆದಾಗ ವಾರಿಜಳಿಗೆ ಮುಜುಗರವಾಯಿತು.

"ಪಾಲುದಾರರ ಪುಟಗಳನ್ನ ನಾವು ಅಕ್ಷರ ಬಿಡದೆ ಓದಿಸ್ತೀವಿ" ಎಂದಳು ನಿಹಾರಿಕಾ. "ಉಳಿದವರ ಪುಟಗಳು ಇನ್ಮೇಲೆ ಚುಟುಕಿಗೆ ಹೋಗ್ತವೆ."

ಚುಟುಕು ಒಂದು ಯಂತ್ರ. ಕನ್ನಡದ ವಾಕ್ಯ ಒಳಗೆ ಹೋದರೆ ಅದನ್ನು ತನ್ನ ಒಳಭಾಷೆಗೆ ತಿರುಗಿಸಿಕೊಂಡು, ಬೇಡದ್ದನ್ನು ಕತ್ತರಿಸಿ, ಮತ್ತೆ ಕನ್ನಡ ಮಾಡಿ ಹೊರಗೆ ಬಿಡುತ್ತಿತ್ತು. ನಿಹಾರಿಕಾ ಹೆಜ್ಜೆಮಾತಿನ ಒಂದು ಪುಟ ಹಾಕಿ ತೋರಿಸಿದಳು. ಕಾಫಿ ಪುಡಿ ಅಂಗಡಿಯ ಮುಂದಿನ ಕಟ್ಟೆ, ಚರಂಡಿಯ ಮುಚ್ಚಳ, ಇಳಿಜಾರು ಎಲ್ಲವನ್ನೂ ವಾರಿಜ ವಿವರವಾಗಿ ಬರೆದು, ಕೊನೆಗೆ ಗಂಡನದೇ ಮಾತು ಸೇರಿಸಿದ್ದಳು: ಮೂಗಿಗೆ ಘಮ್ಮನೆ ಬಡೀತಂದ್ರ ಅಂಗಡಿ ಬಂತಂತ ತಿಳ್ಕೋರಿ. ಯಂತ್ರ ಮೊದಲಿನದನ್ನೆಲ್ಲ ಎರಡು ವಾಕ್ಯಕ್ಕೆ ಇಳಿಸಿ, ಕೊನೆಯದನ್ನು ಮಾತ್ರ ಇದ್ದಂತೆಯೇ ತನ್ನ ನಯವಾದ ದನಿಯಲ್ಲಿ ಹೇಳಿತು. ಯಂತ್ರದ ಬಾಯಲ್ಲಿ ಗದಗಿನ ಮಾತು ಕೇಳಿ ವಾರಿಜಳಿಗೆ ನಗು ತಡೆಯಲಾಗಲಿಲ್ಲ.

"ಅರ್ಥವಾಗದ ಮಾತು ಬಂದ್ರೆ ಅದು ಮುಟ್ಟಲ್ಲ, ಊರಿನ ಹೆಸರೋ ಏನೋ ಅಂದ್ಕೊಂಡು ಹಾಗೇ ಬಿಡುತ್ತೆ" ಎಂದಳು ನಿಹಾರಿಕಾ, ಸ್ವಲ್ಪ ನಾಚಿಕೊಂಡು.

"ನಾನು ಇಲ್ಲಿ 'ಹುಷಾರು' ಅಂತ ಬರೆದಿದ್ದೆನಲ್ಲ, ಅದೆಲ್ಲಿ ಹೋಯ್ತು?"

"ಹುಷಾರು, ಅಪಾಯ, ನಿಲ್ಲಿ, ಹೋಗಬೇಡಿ. ಇಂಥದ್ದನ್ನೆಲ್ಲ ತೆಗೆದುಬಿಡುತ್ತೆ ಮೇಡಂ. ಯಾರೋ ಸುಮ್ಮನೆ ಬೆದರಿಸಿ, ಅದನ್ನ ನಾವು ಓದಿ, ನಾಳೆ ಕೇಸಾದ್ರೆ? ಎಚ್ಚರಿಕೆ ಕೊಡೋ ಹಕ್ಕು ಪಾಲುದಾರರಿಗೆ ಮಾತ್ರ."

"ಎಚ್ಚರಿಸೋದಕ್ಕೂ ದುಡ್ಡಿನ ಹಂಗು ಬೇಕಾ? ಆಗಲ್ಲಮ್ಮ" ಎಂದು ವಾರಿಜ ಎದ್ದು ಬಂದಳು. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಎಂದು ಅವಳ ತಾಯಿ ಹೇಳುತ್ತಿದ್ದದ್ದು ನೆನಪಾಯಿತು. ವಿವರ ಒಂದಿಷ್ಟು ಕಡಿಮೆಯಾಗುತ್ತದೆ, ಅರ್ಥವೇನೂ ಕೆಡುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಕಣ್ಣಿದ್ದವರ ಸಮಾಧಾನ ಅದು. ಬರೆದದ್ದನ್ನು ಅವಳು ಎಂದೂ ಕಿವಿಯಲ್ಲಿ ಕೇಳಿ ನೋಡಿದವಳಲ್ಲ.

ಗಂಡನಿಗಂತೂ ಚುಟುಕು ಮೊದಲು ಹಿಡಿಸಿಯೇಬಿಟ್ಟಿತು. "ನೀ ಪುರಾಣ ಹಚ್ಚತಿದ್ದಿ. ಇದು ಎರಡ ಮಾತಿನ್ಯಾಗ ಮುಗಸತೈತಿ" ಎಂದು ಚುಡಾಯಿಸಿದ. ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ, ತಾನಾಗಿಯೇ ಅಂದ: "ಆದ್ರ ದಾರ್ಯಾಗ ನೀ ಜೋಡಿ ಇದ್ದಂಗ ಅನಸತಿತ್ತು. ಈಗ ಅದಿಲ್ಲ ನೋಡ." ವಾರಿಜ ಇನ್ನೊಂದು ಸೌಟು ಸಾರು ಬಡಿಸಿದಳು.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಗ್ಗೆ, ವಿರೂಪಾಕ್ಷ ಕೆಲಸಕ್ಕೆ ಮುಂಚೆ ಕ್ಷೌರಕ್ಕೆ ಹೋಗಬೇಕಿತ್ತು. ಹೊರಡುವಾಗ ವಾರಿಜ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಎದೆ ಹತ್ರ ಗುಂಡಿ ಬಿದ್ದುಹೋಗಿದೆ. ತಡೀರಿ, ಹಾಕ್ಕೊಡ್ತೀನಿ."

"ಗುಂಡಿ ಬಿದ್ದದ್ದೋ, ಗುಂಡಿಗೆ ಬಿದ್ದದ್ದೋ? ನಿಮ್ಮ ಮೈಸೂರ ಮಂದಿಗೆ ಅಂಗಿಗೂ ಗುಂಡಿ, ರಸ್ತೆಗೂ ಗುಂಡಿ. ನಮ್ಮ ಕಡೆ ಹಂಗಲ್ಲವಾ. ಅಂಗಿಗೆ ಗುಂಡಿ, ನೆಲಕ್ಕ ತೆಗ್ಗು. ತೆಗ್ಗು ಅಂದ್ರ ಹುಟ್ಟಿದ ಕೂಸಿಗೂ ತಿಳೀತೈತಿ."

"ಸಾಕು ನಿಮ್ಮ ಗದಗಿನ ದೊಡ್ಡಸ್ತಿಕೆ. ಸಂಜೆಗೆ ಹಾಕ್ತೀನಿ, ಹೋಗಿ ಬನ್ನಿ."

ಅವನು ಬಿಳಿ ಕೋಲು ಬಡಿಯುತ್ತ ಹೋದ. ವಾರಿಜ ತರಕಾರಿಗೆಂದು ಹೊರಟಳು. ಎಣ್ಣೆಗಾಣದ ವೃತ್ತದಲ್ಲಿ, ಸಿಗ್ನಲ್ ಕಂಬದ ಪಕ್ಕದಲ್ಲಿ, ಒಳಚರಂಡಿಗೆಂದು ಆಳೆತ್ತರ ಅಗೆದು ಮೇಲೊಂದು ತೆಳು ಪ್ಲೈವುಡ್ ಹಲಗೆ ಎಳೆದಿದ್ದರು. ಹಲಗೆಯ ಮೇಲೆ ಮಣ್ಣು ಬಿದ್ದು ನೆಲದ ಬಣ್ಣವೇ ಆಗಿತ್ತು. ಕೋಲಿನಿಂದ ತಟ್ಟಿದರೆ ನೆಲವೆಂದೇ ಅನ್ನಿಸಬೇಕು. ಕಾಲಿಟ್ಟರೆ ಮುಗಿಯಿತು. ಹಗ್ಗ ಕಟ್ಟಿ ಅಂತ ಕೆಲಸದವರಿಗೆ ಗದರಿ, "ಕಟ್ತೀವಿ ಬುಡಿ ಅಮ್ಮಾ" ಎಂಬ ಉತ್ತರ ಪಡೆದು, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲಿ ಪುಟ ತಿದ್ದಿದಳು: ಸಿಗ್ನಲ್ ಕಂಬದ ಬಲಕ್ಕೆ ದೊಡ್ಡ ಗುಂಡಿ ಇದೆ, ಹುಷಾರು. ಮೇಲೆ ಹಲಗೆ ಇದೆ, ನಂಬಬೇಡಿ. ಗಂಡ ಕ್ಷೌರದಂಗಡಿಯಿಂದ ಕೆಲಸಕ್ಕೆ ಹೋಗುವುದು ಇದೇ ದಾರಿಯಲ್ಲಿ. ಬರೆದಾಯಿತಲ್ಲ, ಇನ್ನು ಚಿಂತೆಯಿಲ್ಲ ಎಂದುಕೊಂಡು ಮನೆಗೆ ಬಂದು ಸೊಪ್ಪು ಬಿಡಿಸಲು ಕೂತಳು.

ಆಗ ಫೋನಿಗೆ ಒಂದು ಧ್ವನಿಸಂದೇಶ ಬಂತು. ಸಬೀಹಾ, ಹುಟ್ಟಿನಿಂದ ದೃಷ್ಟಿ ಇಲ್ಲದ ಕಾಲೇಜು ಹುಡುಗಿ, ಹೆಜ್ಜೆಮಾತಿನ ಹಳೆಯ ಕೇಳುಗರಲ್ಲೊಬ್ಬಳು. ಮನೆಯಿಂದ ಹೊರಡುವ ಮುಂಚೆ ದಿನದ ದಾರಿಯನ್ನೊಮ್ಮೆ ಕೇಳಿಕೊಂಡು ಹೊರಡುವುದು ಅವಳ ಅಭ್ಯಾಸ.

"ಆಂಟಿ, ಎಣ್ಣೆಗಾಣದ ವೃತ್ತದಲ್ಲಿ ರಸ್ತೆ ದಾಟೋಕೆ ಕೊನೆಗೂ ಬಟನ್ ಹಾಕಿದ್ರಂತಲ್ಲ! ಎಷ್ಟು ಅರ್ಜಿ ಕೊಟ್ಟಿದ್ವಿ. ಇವತ್ತು ಅದನ್ನ ಒತ್ತಿಯೇ ದಾಟ್ತೀನಿ. ಹೊರಟೆ."

ಬಟನ್? ಯಾವ ಬಟನ್? ವಾರಿಜಳ ಕೈಯಲ್ಲಿದ್ದ ದಂಟು ಹಾಗೇ ನಿಂತಿತು. ಕಪಾಟಿನಲ್ಲಿ ಗಂಡನ ಹಳೆಯ ಕಿವಿಗಣ್ಣು ಇತ್ತು. ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಫೋನಿನ ನಕಾಶೆಯಲ್ಲಿ ವೃತ್ತವನ್ನು ಮುಟ್ಟಿದಳು. ನಯವಾದ ದನಿ ಹೇಳಿತು:

"ಸಿಗ್ನಲ್ ಕಂಬದ ಬಲಕ್ಕೆ ದೊಡ್ಡ ಬಟನ್ ಇದೆ."

ಯಂತ್ರದ ತಪ್ಪು ಏನೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಸಿಗ್ನಲ್ ಕಂಬದ ಪಕ್ಕದಲ್ಲಿ ಲೋಕದಲ್ಲೆಲ್ಲ ಇರುವುದು ಒತ್ತುವ ಗುಂಡಿಯೇ. ಒಳಭಾಷೆಗೆ ಹೋಗಿ ಬರುವಷ್ಟರಲ್ಲಿ ಹಳ್ಳ ಬಿದ್ದ ಗುಂಡಿ ಅಂಗಿಯ ಗುಂಡಿಯ ಜಾತಿಗೆ ಸೇರಿಬಿಟ್ಟಿತ್ತು. ಹುಷಾರು ಹೋಗಿತ್ತು, ನಂಬಬೇಡಿ ಹೋಗಿತ್ತು. ಅವಳೇ ಬರೆದ ಮಾತು, ಅವಳ ಹೆಸರಿನ ತಾಣದಿಂದ, ಅವಳ ಗಂಡನನ್ನೇ ಆಳೆತ್ತರದ ಬಾಯಿಯ ಕಡೆ ಕೈ ಹಿಡಿದು ಕರೆದೊಯ್ಯುತ್ತಿತ್ತು.

ಗಂಡನಿಗೆ ಕರೆ ಮಾಡಿದಳು. ಕಿವಿಗಣ್ಣು ದಾರಿ ಹೇಳುವಾಗ ಬೇರೆ ಕರೆಗಳನ್ನು ಒಳಗೆ ಬಿಡುವುದಿಲ್ಲ. ಅದೂ ಸುರಕ್ಷತೆಗೆಂದೇ ಮಾಡಿದ ಏರ್ಪಾಡು. ಸಬೀಹಾಳದ್ದೂ ಅದೇ ಕತೆ. ಕ್ಷೌರದಂಗಡಿಗೆ ಮಾಡಿದಳು.

"ಈಗ್ತಾನೆ ಹೊಂಟ್ರಲ್ಲಕ್ಕ. ಯಾಕೆ, ಏನಾರ ಮರ್ತೋದ್ರಾ?"

ವಾರಿಜ ಚಪ್ಪಲಿ ಮೆಟ್ಟಿ ಬೀದಿಗೆ ಓಡಿದಳು. ಸಿಕ್ಕ ಆಟೊ ಹತ್ತಿ "ಎಣ್ಣೆಗಾಣದ ಸರ್ಕಲ್, ಬೇಗ ಹೊಡೀಪ್ಪ" ಎಂದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಪುಟವನ್ನೇ ಅಳಿಸಿಬಿಡಲೇ ಎಂದು ಹೊಳೆಯಿತು. ಅಳಿಸಿದರೆ ಬಟನ್ ಹೋಗುತ್ತದೆ, ಗುಂಡಿ ಹೋಗುವುದಿಲ್ಲ. ದಿನವೂ ದಾಟುವ ಜಾಗದಲ್ಲೇ ಅದಿತ್ತು. ಗುಂಡಿ ತೆಗೆದು 'ಹಳ್ಳ' ಎಂದು ಬರೆದಳು. ಕಿವಿಯಲ್ಲಿ ದನಿ ಹೇಳಿತು: "ಕಂಬದ ಬಲಕ್ಕೆ ದೊಡ್ಡ ತೊರೆ ಇದೆ." 'ಹೊಂಡ' ಎಂದಳು. "ಕಂಬದ ಬಲಕ್ಕೆ ದೊಡ್ಡ ಕಲ್ಯಾಣಿ ಇದೆ." 'ಬಲಕ್ಕೆ ನೆಲ ಇಲ್ಲ' ಎಂದು ಬರೆದರೆ ಯಂತ್ರ ಕ್ಷಣ ಯೋಚಿಸಿ, "ಬಲಕ್ಕಿರುವ ಕಟ್ಟಡಕ್ಕೆ ನೆಲಮಹಡಿ ಇಲ್ಲ" ಎಂದಿತು. ಬೇರೆ ಹೊತ್ತಿನಲ್ಲಾಗಿದ್ದರೆ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಮುಂದೆ ರಸ್ತೆ ತುಂಬ ವಾಹನಗಳು ನಿಂತಿದ್ದವು. ಆಟೊ ಕೆಮ್ಮಿ ನಿಂತಿತು.

"ಸರ್ಕಲ್‌ನಾಗೆ ಅಗ್ದವ್ರೆ ಕಣಮ್ಮ, ಅದ್ಕೇ ಜಾಮು" ಎಂದ ಆಟೊದವನು.

ವಾರಿಜ ಇಳಿದು, ಜನರ ನಡುವೆ ನುಗ್ಗುತ್ತ, ನಿಹಾರಿಕಾಳಿಗೆ ಕರೆ ಮಾಡಿದಳು. ಅವಳು ಧ್ವನಿಮನೆಯಲ್ಲೇ ಇದ್ದಳು. ವಿಷಯ ಕೇಳಿ ಅವಳ ದನಿ ಕುಗ್ಗಿತು.

"ಅಯ್ಯೋ... ನೋಡ್ತಿದೀನಿ ಮೇಡಂ. ಎರಡು ಚುಕ್ಕೆ ಬರ್ತಿವೆ. ಒಂದು ವೃತ್ತಕ್ಕೆ ತುಂಬ ಹತ್ರ ಇದೆ."

"ಓದೋದನ್ನ ನಿಲ್ಸಮ್ಮ! ಇಲ್ಲಾ ನಾನು ಬರೆದಿದ್ದನ್ನ ಬರೆದ ಹಾಗೆ ಓದ್ಸು!"

"ನನ್ನ ಕೈಲಿಲ್ಲ ಮೇಡಂ, ಮೇಲಿನೋರು ಮೀಟಿಂಗಲ್ಲಿದ್ದಾರೆ. ಒಂದೇ ದಾರಿ. ಒಪ್ಪಂದ ಕಳಿಸಿದೀನಿ. ಒಪ್ಪಿಗೆ ಒತ್ತಿ. ಒತ್ತಿದ ತಕ್ಷಣ ನೀವು ಪಾಲುದಾರರು. ಆಮೇಲೆ ಅಕ್ಷರ ಬಿಡದೆ ಓದುತ್ತೆ."

ಫೋನಿನ ಪರದೆಯ ಮೇಲೆ ಹಸಿರು ಗುಂಡಿಯೊಂದು ಮಿನುಗಿತು. ಧ್ಯೇಯವಾಕ್ಯ, ಹಟ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ ಎಲ್ಲವೂ ಗಂಡನ ಜೀವದ ಮುಂದೆ ಯಾವ ಮೂಲೆಗೆ? ವಾರಿಜಳಿಗೆ ಅರೆಕ್ಷಣದ ಅನುಮಾನವೂ ಇರಲಿಲ್ಲ. ಹೆಬ್ಬೆರಳು ಎತ್ತಿದಳು. ಒತ್ತುವ ಮುಂಚೆ ಒಂದೇ ಮಾತು ಕೇಳಿದಳು. ಮೇಷ್ಟರ ಬುದ್ಧಿ, ಓದದೆ ಸಹಿ ಹಾಕಿ ಗೊತ್ತಿಲ್ಲ.

"ಮೊದಲು ಏನು ಓದುತ್ತೆ?"

ನಿಹಾರಿಕಾ ಅಳುವ ದನಿಯಲ್ಲಿ ಓದಿದಳು: "ಪಾದಕ್ಕೆ ಮುತ್ತಿಡುವ ನೆಲ ನಿಮ್ಮ ಮನೆಗೂ ಬೇಕಲ್ಲವೇ? ಹೊಳಪು, ಬಾಳಿಕೆ, ಘನತೆ, ಮೂರೂ ಒಂದೇ ಟೈಲ್ಸ್‌ನಲ್ಲಿ. ಇಂದೇ ಭೇಟಿ ಕೊಡಿ... ಮೊದಲ ವಾಕ್ಯ ಪ್ರಾಯೋಜಕರದ್ದೇ ಮೇಡಂ. ಅದನ್ನ ತೆಗೆಯೋಕೆ ಬರಲ್ಲ."

ಅಷ್ಟು ಮುಗಿಯುವ ಹೊತ್ತಿಗೆ ಅವನು ಹಲಗೆಯ ಮೇಲೆ ಕಾಲಿಟ್ಟಿರುತ್ತಾನೆ. ಒತ್ತುವ ಈ ಗುಂಡಿಯೂ ಬೀಳುವ ಆ ಗುಂಡಿಯೇ ಎನ್ನಿಸಿ ವಾರಿಜ ಹೆಬ್ಬೆರಳನ್ನು ಹಿಂದಕ್ಕೆ ತೆಗೆದಳು. ದೇವರೇ, ಬೇರೆ ಯಾವ ಮಾತಿದೆ? ಕನ್ನಡದಲ್ಲಿ ನೆಲದ ತೂತಿಗೆ ಇನ್ನೇನು ಹೆಸರಿದೆ?

ಹುಟ್ಟಿದ ಕೂಸಿಗೂ ತಿಳೀತೈತಿ.

ಆ ಮಾತನ್ನು ಅವಳು ಎಂದೂ ಆಡಿದವಳಲ್ಲ. ಮೂವತ್ತು ಮೂವತ್ತೈದು ವರ್ಷ ಕೇಳಿದ್ದಳು, ಅಣಕಿಸಿದ್ದಳು, ಅಷ್ಟೇ. ಯಂತ್ರ ಅದನ್ನು ಕೇಳಿರುವ ಸಂಭವವೇ ಇಲ್ಲ. ನಡೆಯುತ್ತ, ಮುಗ್ಗರಿಸುತ್ತ, ಯಾರದೋ ಹೆಗಲಿಗೆ ಡಿಕ್ಕಿ ಹೊಡೆಯುತ್ತ, ಪುಟದ ಎಲ್ಲ ಅಕ್ಷರಗಳನ್ನೂ ಅಳಿಸಿ, ಗಂಡನ ಬಾಯಿಂದಲೇ ಬಂದಂತೆ ಬರೆದಳು: ಕಂಬದ ಬಾಜೂಕ ತೆಗ್ಗ ಐತ್ರಿ. ಹಲಗಿ ನಂಬಬ್ಯಾಡ್ರಿ. ಅಲ್ಲೇ ನಿಂದರ್ರಿ.

ಕಿವಿಯಲ್ಲಿ ದನಿ ತುಸು ತಡವರಿಸಿತು. ಆಮೇಲೆ ಅರ್ಥ ತಿಳಿಯದ ಮಗ್ಗಿ ಒಪ್ಪಿಸುವ ಮಗುವಿನಂತೆ, ಒಂದಕ್ಷರ ಬಿಡದೆ ಹೇಳಿತು.

"ಕಂಬದ ಬಾಜೂಕ ತೆಗ್ಗ ಐತ್ರಿ. ಹಲಗಿ ನಂಬಬ್ಯಾಡ್ರಿ. ಅಲ್ಲೇ ನಿಂದರ್ರಿ."

"ಮೇಡಂ" ಎಂದಳು ನಿಹಾರಿಕಾ. "ಒಂದು ಚುಕ್ಕೆ ನಿಂತ್ಕೊಂಡಿತು. ಕಂಬದ ಹತ್ರವೇ. ಇನ್ನೊಂದು... ಇನ್ನೊಂದು ಬರ್ತಾ ಇದೆ. ನಿಲ್ತಾ ಇಲ್ಲ."

ಸಬೀಹಾ! ಗದಗಿನ ಮಾತು ಅವಳಿಗೆಲ್ಲಿಂದ ಅರ್ಥವಾಗಬೇಕು? ವಾರಿಜ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಹೆಸರು ಹಿಡಿದು ಕೂಗಿದಳು. ಹಾರ್ನುಗಳ ಗಲಾಟೆಯಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಬಸ್ಸೊಂದರ ಮರೆ ದಾಟಿದಾಗ ವೃತ್ತ ಕಂಡಿತು. ಹಗ್ಗ ಕಟ್ಟಿರಲಿಲ್ಲ. ಹಲಗೆ ಒಂದು ಕಡೆ ವಾಲಿ ಒಳಗಿನ ಕತ್ತಲು ಕಾಣುತ್ತಿತ್ತು. ಗುಂಡಿಯ ಅಂಚಿನಲ್ಲಿ ವಿರೂಪಾಕ್ಷ ಒಂದು ಕೈಯಲ್ಲಿ ಸಿಗ್ನಲ್ ಕಂಬ ತಬ್ಬಿದ್ದ. ಇನ್ನೊಂದು ಕೈಯಲ್ಲಿ ಸಬೀಹಾಳ ಹೆಗಲ ಚೀಲವನ್ನು ಗಟ್ಟಿಯಾಗಿ ಹಿಡಿದಿದ್ದ. ಅವಳ ಕೈಯಲ್ಲಿ ಕೋಲಿರಲಿಲ್ಲ. ಅದು ಕೆಳಗೆ, ಕೆಸರಿನಲ್ಲಿ ನೆಟ್ಟು ನಿಂತಿತ್ತು.

ವಾರಿಜ ಇಬ್ಬರನ್ನೂ ಹಿಂದಕ್ಕೆ ಎಳೆದುಕೊಂಡು, ರಸ್ತೆಯ ಮೇಲೇ ಕುಸಿದು ಕೂತು, ಬಾಯಿಬಿಟ್ಟು ಅತ್ತಳು. ಹೈಸ್ಕೂಲಿನಲ್ಲಿ ಅವಳ ಕೈಯಲ್ಲಿ ಪಾಠ ಕಲಿತ ಯಾರಾದರೂ ನೋಡಿದ್ದರೆ ನಂಬುತ್ತಿರಲಿಲ್ಲ.

"ಏನೋ ಗೊತ್ತಿಲ್ಲದ ಭಾಷೆ ಕೇಳಿಸ್ತು ಆಂಟಿ" ಎಂದಳು ಸಬೀಹಾ. "ಯಂತ್ರ ಕೆಟ್ಟಿದೆ, ಬಟನ್ ಇಲ್ಲೇ ಎಲ್ಲೋ ಇರ್ಬೇಕು ಅಂತ ಕೈ ಚಾಚಿದೆ. ಅಂಕಲ್ ಹಿಡ್ಕೊಂಡ್ರು."

"ನನಗ ಕೇಳಿದ್ದು ಯಂತ್ರದ ದನಿ" ಎಂದ ವಿರೂಪಾಕ್ಷ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಆದ್ರ ಮಾತು ನಮ್ಮ ಮನೀದು. ಕಾಲು ತಾನ ನಿಂತು. ಬಾಜೂಕ ಈ ಹುಡುಗಿ ಕೋಲು ಬಡೀತಿತ್ತು. ಅವಸರದಾಗ ಏನ ಸಿಕ್ತೋ ಅದನ್ನ ಹಿಡದೆ. ಹೆದರಿದ್ದೆ ವಾರಿಜಾ. ಭಾಳ ಹೆದರಿದ್ದೆ."

ಸಂಜೆ ನಿಹಾರಿಕಾಳ ಕರೆ ಬಂತು. ವಾರಿಜ ಫೋನನ್ನು ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಹುಡುಗಿ ಮೊದಲು ಕ್ಷಮೆ ಕೇಳಿದಳು, ಮನಸ್ಸಿನಿಂದಲೇ ಕೇಳಿದಳು. ಆಮೇಲೆ ಸಂಕೋಚದಿಂದ ಕೆಲಸದ ಮಾತಿಗೆ ಬಂದಳು.

"ಮೇಲಿನೋರು ಕೇಳ್ತಿದ್ದಾರೆ. ಆ ಪದ, ತೆಗ್ಗು... ಹಾಗಂದ್ರೆ ಸರಿಯಾಗಿ ಏನು ಅಂತ ಹೇಳಿದ್ರೆ ನಾಳೆನೇ ಚುಟುಕಿಗೆ ಕಲಿಸಿಬಿಡ್ತೀವಿ. ಇನ್ಮೇಲೆ ಅದನ್ನೂ ಚಿಕ್ಕದಾಗಿ, ಚೊಕ್ಕವಾಗಿ ಹೇಳುತ್ತೆ."

ವಾರಿಜ ಗಂಡನ ಕಡೆ ನೋಡಿದಳು. ಅವನಿಗೆ ಆ ನೋಟ ಹೇಗೆ ತಿಳಿಯಿತೋ, ಫೋನಿನತ್ತ ಬಗ್ಗಿ, ತನ್ನೆಲ್ಲ ವಿನಯ ಸೇರಿಸಿ ಹೇಳಿದ:

"ಅದನ್ನ ಬಾಯಿಲೆ ಹೇಳಾಕ ಬರಂಗಿಲ್ಲರಿ ತಂಗಿ. ಒಮ್ಮೆ ಬಿದ್ದ ನೋಡಬೇಕ್ರಿ."

ಆ ವಾರದಲ್ಲಿ ಹೆಜ್ಜೆಮಾತು ಪೂರ್ತಿ ಗದಗಿನ ಮಾತಿಗೆ ತಿರುಗಿತು. ವಾರಿಜ ಬರೆಯುವುದು, ವಿರೂಪಾಕ್ಷ ತಿದ್ದುವುದು. ಸಬೀಹಾ ಅವನಿಂದ ಕಲಿತು ಕೇಳುಗರಿಗೆ ಫೋನಿನಲ್ಲೇ ಪಾಠ ಹೇಳಿದಳು, ಯಂತ್ರದ ಕಿವಿಗೆ ಬೀಳದಂತೆ, ಒಬ್ಬರಿಂದ ಒಬ್ಬರಿಗೆ. ಮೈಸೂರಿನ ಬೀದಿಗಳಲ್ಲಿ ಬಿಳಿ ಕೋಲು ಹಿಡಿದವರು 'ತೆಗ್ಗ ಐತಿ ನೋಡ್ರಿ' ಎಂದು ಒಬ್ಬರನ್ನೊಬ್ಬರು ಎಚ್ಚರಿಸುವುದನ್ನು ಕೇಳಿ ಕಣ್ಣುಳ್ಳವರು ಬೆರಗಾದರು. ಯಂತ್ರ ಇವತ್ತಲ್ಲ ನಾಳೆ ಇದನ್ನೂ ಕಲಿಯುತ್ತದೆ ಎಂದು ವಾರಿಜಳಿಗೆ ಗೊತ್ತಿತ್ತು. ಕಲಿಯಲಿ. ಸೀಮೆಗೊಂದು ಮಾತಿರುವ ನಾಡಿನಲ್ಲಿ ಬೀಳುವ ಜಾಗಕ್ಕೆ ಹೆಸರಿನ ಬರವೇ?

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ, ಫೋನ್ ಇಟ್ಟ ಮೇಲೆ, ವಾರಿಜ ಸೂಜಿ ದಾರ ತಂದು ಗಂಡನ ಎದುರು ಕೂತಳು. ದಾರ ಪೋಣಿಸಲು ಬಹಳ ಹೊತ್ತು ಹಿಡಿಯಿತು. ಅಂಗಿ ಅವನ ಮೈಮೇಲಿದ್ದಂತೆಯೇ, ಎದೆಯ ಹತ್ತಿರ ಬಗ್ಗಿ ಹೊಲಿದು, ಹಲ್ಲಿನಿಂದ ದಾರ ಕಡಿದಳು. ಅವನ ಎದೆ ಬಡಿದುಕೊಳ್ಳುವುದು ಅವಳಿಗೆ ಕೇಳಿಸಿತು.

"ಆತೇನು?" ಎಂದ ಅವನು.

ಗುಂಡಿ ಹಾಕಿದೆ ಎನ್ನಲು ಅವಳು ಬಾಯಿ ತೆರೆದಳು. ಆ ಮಾತು ಬರಲಿಲ್ಲ.

"ಆಯ್ತು ಕಣ್ರೀ" ಎಂದಷ್ಟೇ ಹೇಳಿ, ಹೊಲಿದ ಜಾಗದ ಮೇಲೆ ಅಂಗೈಯಿಟ್ಟು ಕೂತಳು.